ಗಾಜಿನ ಒಳಮೈ

ಬಾಗಿಲು ತೆರೆದಾಗ ಮೊದಲು ಒಳಗೆ ಬಂದದ್ದು ವಾಸನೆ. ಒದ್ದೆ ಉಣ್ಣೆಯ ಮೇಲೆ ಕಾದ ಇಸ್ತ್ರಿಪೆಟ್ಟಿಗೆ ಇಟ್ಟಾಗ ಏಳುವ, ಸುಟ್ಟೂ ಸುಡದ ವಾಸನೆ.

ಗ್ಲಾಫಿರಾ ಓಸಿಪೊವ್ನಾ ಆಗ ಏಣಿಯ ಮೇಲಿದ್ದಳು. ಐದನೆಯ ಮಹಡಿಯಲ್ಲಿದ್ದ ಅವಳ ಸ್ಟುಡಿಯೋದ ಮಾಡು ಅರ್ಧಕ್ಕರ್ಧ ಗಾಜು. ಇರುಳೆಲ್ಲ ಬಿದ್ದ ಹಿಮವನ್ನು ಕಿಂಡಿಯಿಂದ ಕೈ ಚಾಚಿ ಪೊರಕೆಯಲ್ಲಿ ತಳ್ಳದಿದ್ದರೆ, ಡಿಸೆಂಬರಿನಲ್ಲಿ ಪೀಟರ್ಸ್‌ಬರ್ಗು ಜಿಪುಣನಂತೆ ಕೊಡುವ ಒಂದಿಷ್ಟು ಬೆಳಕೂ ಅವಳ ಪಾಲಿಗೆ ಬರುತ್ತಿರಲಿಲ್ಲ. ಪೊರಕೆ ಹಿಡಿದ ಕೈ ಹಾಗೇ ನಿಂತಿತು. ಈ ವಾಸನೆಯ ಬಗ್ಗೆ ಅವಳಿಗೆ ಯಾರೋ ಹೇಳಿದ್ದರು. 'ಅವನು ಕಾಣೋಕ್ಕೆ ಮುಂಚೆ ವಾಸನೆ ಬರತ್ತೆ. ಎಷ್ಟು ತೊಳೆದ್ರೂ ಹೋಗಲ್ಲ.'

ಹಾಗೆ ಹೇಳಿದವಳು, ಹಗಲು ಹೊತ್ತು ಇಲ್ಲಿ ಕೈಗೆಲಸಕ್ಕೆ ಬರುತ್ತಿದ್ದವಳು, ಈಗ ಹತ್ತು ಹೆಜ್ಜೆ ಆಚೆ, ಕತ್ತಲಕೋಣೆಯ ಬಾಗಿಲ ಹಿಂದೆ, ಕೆಂಪು ದೀಪದ ಬೆಳಕಲ್ಲಿ ಚಿತ್ರಗಳನ್ನು ನೀರಲ್ಲಿ ಅಲುಗಿಸುತ್ತಿದ್ದಳು.

"ಅಮ್ಮಾವ್ರೇ, ಇಳೀಬೇಡಿ, ಇಳೀಬೇಡಿ. ನಾನು ಕಾಯ್ತೀನಿ. ಕಾಯೋದು ನನಗೆ ಅಭ್ಯಾಸ."

ಅಗಲ ಬೆನ್ನಿನ, ಸಣ್ಣ ದನಿಯ ಮನುಷ್ಯ. ಕಾಲೊರೆಸಿಕೊಂಡೇ ಒಳಗೆ ಬಂದ. ಟೋಪಿ ತೆಗೆದು ಮೂಲೆಯಲ್ಲಿದ್ದ ದೇವರ ಪಟದ ಕಡೆ ತಿರುಗಿ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡ. ಒಳಗಂಗಿಯ ಜೇಬಿನಿಂದ ಒಂದು ರಟ್ಟಿನ ಚಿತ್ರ ತೆಗೆದು, ಮೇಜಿನ ಮೇಲಿಟ್ಟು, ಅದರ ಮೂಲೆಯನ್ನು ಹೆಬ್ಬೆರಳಿನಿಂದ ಬಟ್ಟೆಯ ಮಡಿಕೆ ತೀಡುವ ಹಾಗೆ ತೀಡಿದ.

"ನಾನು ಕಲೂಗಾದವನು. ಗೊರ್ದೇಯ್ ಪಾನ್ಫಿಲೊವಿಚ್ ಅಂತಾರೆ. ನಮ್ಮೂರ ರೆಜಿಮೆಂಟಿಗೆಲ್ಲ ಕೋಟು ಹೊಲಿಯೋದು ನಾನೇ. ಹೋದ ತಿಂಗಳು ಒಬ್ಬ ಲೆಫ್ಟಿನೆಂಟು ಹರಿದ ಕೋಟು ಕಳಿಸಿದ, ಜೇಬಲ್ಲಿ ಇದನ್ನ ಮರೆತಿದ್ದ. ಹಿಂದುಗಡೆ ನಿಮ್ಮ ಹೆಸರಿದೆ. ಹೆಂಗಸಿನ ಹೆಸರು! ನನಗೆ ನಂಬಿಕೆ ಬರಲಿಲ್ಲ ನೋಡಿ. ಫೋಟೋ ತೆಗೆಯೋ ಹೆಂಗಸೂ ಇದಾಳಾ ಲೋಕದಲ್ಲಿ ಅಂತ."

"ಇದೀನಿ" ಎಂದಳು ಗ್ಲಾಫಿರಾ. ಪೊರಕೆ ಹಿಡಿದೇ ಏಣಿಯಿಂದ ಇಳಿದಳು.

ಚಿತ್ರ ನೋಡುವ ಅಗತ್ಯವೇ ಇರಲಿಲ್ಲ. ಸತ್ತ ತಮ್ಮನ ಸಮವಸ್ತ್ರ ತೊಟ್ಟು ಯುದ್ಧಕ್ಕೆ ಹೋಗುವ ಹುಡುಗಿಯ ವೇಷದಲ್ಲಿ ನಟಿ ಜಿಮಿನಾ, ಬಿಚ್ಚುಗತ್ತಿ ಹಿಡಿದು ನಿಂತದ್ದು. ನೆವ್ಸ್ಕಿ ಬೀದಿಯ ಅಂಗಡಿಗಳ ಕಿಟಕಿಯಲ್ಲಿ ಎರಡು ತಿಂಗಳಿಂದ ನೇತಾಡುತ್ತಿದ್ದ ಚಿತ್ರ. ಬೇರೆ ಸ್ಟುಡಿಯೋಗಳು ನಟಿಯರನ್ನು ಅಲುಗದಂತೆ ಕಬ್ಬಿಣದ ಕವೆಗೆ ತಲೆ ಆನಿಸಿ, ಹೂದಾನಿಯ ಪಕ್ಕ ಹೂದಾನಿಯಂತೆ ನಿಲ್ಲಿಸುತ್ತಿದ್ದವು. ಗ್ಲಾಫಿರಾ ಅವರಿಂದ ಪಾತ್ರದ ಮಾತು ಹೇಳಿಸುತ್ತಿದ್ದಳು. ಮಾತು ಮುಗಿದು ಉಸಿರು ಇನ್ನೂ ಎದೆಯಲ್ಲಿರುವಾಗ ಕ್ಯಾಮೆರಾದ ಕಣ್ಣು ತೆರೆಯುತ್ತಿದ್ದಳು. ಅದಕ್ಕೇ ಊರೆಲ್ಲ ಅವಳ ಚಿತ್ರಗಳಿಗೆ ಮುಗಿಬೀಳುತ್ತಿತ್ತು. ಇನ್ನೊಂದು ಹೆಮ್ಮೆಯೂ ಅವಳಿಗಿತ್ತು, ಅದನ್ನು ಬೋರ್ಡಿನ ಮೇಲೇ ಬರೆಸಿದ್ದಳು: ಇಲ್ಲಿ ಮುಖಕ್ಕೆ ಪೆನ್ಸಿಲ್ ಮುಟ್ಟಿಸುವುದಿಲ್ಲ. ಬೇರೆಯವರು ಪ್ಲೇಟಿನ ಮೇಲೆ ಪೆನ್ಸಿಲ್ ಆಡಿಸಿ ಸುಕ್ಕು, ಮಚ್ಚೆ, ವಯಸ್ಸು ಎಲ್ಲ ಅಳಿಸಿ, ಬೇಯಿಸಿದ ಮೊಟ್ಟೆಯಂಥ ಮುಖ ಮಾಡಿ ಕೊಡುತ್ತಿದ್ದರು. ಅವಳು ಕೊಡುತ್ತಿರಲಿಲ್ಲ.

ಆ ಹೆಮ್ಮೆಯೇ ಈಗ ಮೇಜಿನ ಮೇಲೆ ಬಿದ್ದಿತ್ತು. ಜಿಮಿನಾಳ ಕೆನ್ನೆಯ ಕೆಳಗೆ, ದವಡೆಯ ಮೂಳೆಯ ಉದ್ದಕ್ಕೆ, ದೋಣಿಯ ಮೂತಿಯ ಆಕಾರದ ಕಪ್ಪು ಕಲೆ. ರಂಗದ ಮೇಲೆ ತೆಳ್ಳಗೆ ಪೌಡರು ಹಾಕಿದರೆ ಯಾರಿಗೂ ಕಾಣದು. ಆದರೆ ಫೋಟೋದ ಪ್ಲೇಟು ಕೆಂಪನ್ನು ಕ್ಷಮಿಸುವುದಿಲ್ಲ. ಕಣ್ಣಿಗೆ ನಸುಗೆಂಪಾಗಿ ಮಾಸಿ ಹೋದದ್ದು ಅದಕ್ಕೆ ಇದ್ದಿಲಿನಂತೆ ಕಾಣುತ್ತದೆ.

"ಈ ಹೆಂಗಸು ಯಾರು?" ಗೊರ್ದೇಯ್ ಕೇಳಿದ.

"ಕೆಳಗೇ ಬರೆದಿದೆಯಲ್ಲ. ಜಿಮಿನಾ. ನಟಿ."

"ಅದು ನಾಟಕದ ಹೆಸರು. ನನ್ನ ಹೆಂಡತಿ ಅಗ್ನಿಯಾ ಮನೆ ಬಿಟ್ಟು ಮೂರು ವರ್ಷ ಆಯ್ತು. ಅವಳಿಗೂ ಹೀಗೇ ಒಂದು ಗುರುತಿದೆ. ಇಸ್ತ್ರಿ ತಾಗಿದ್ದು. ಅಂಗಡೀಲಿ ಕೆಲಸ ಮಾಡುವಾಗ ತಾಗತ್ತೆ, ಏನು ಮಾಡೋದು." ಅವನು ನಿಟ್ಟುಸಿರು ಬಿಟ್ಟ. "ಆದ್ರೆ ಅವಳದು ಬಲಗಡೆ. ಇದು ಎಡಗಡೆ."

"ಹಾಗಾದ್ರೆ ಬೇರೆ ಯಾರೋ."

"ನಾನೂ ಹಾಗೇ ಅಂದ್ಕೊಂಡೆ. ಚಿತ್ರ ಜೇಬಿಗೆ ಹಾಕಿಕೊಂಡು ಕೆಲಸಕ್ಕೆ ಕೂತೆ. ಒಂದು ವಾರ ಸುಮ್ಮನಿದ್ದೆ." ಅವನ ಬೆರಳು ಚಿತ್ರದ ಮೇಲೆ ಮೆಲ್ಲಗೆ ಇಳಿಯಿತು. "ಆಮೇಲೆ ಗುಂಡಿ ನೋಡಿದೆ. ಇದು ಗಂಡಸಿನ ಕೋಟು. ಎಡಭಾಗ ಬಲಭಾಗದ ಮೇಲೆ ಬರಬೇಕು. ಇಲ್ಲಿ ಉಲ್ಟಾ ಬಂದಿದೆ. ಕತ್ತಿ ಎಡಗೈಯಲ್ಲಿದೆ. ಒರೆ ಬಲಸೊಂಟದಲ್ಲಿದೆ. ನನ್ನ ನಿದ್ದೆ ಹಾರಿಹೋಯ್ತು ಅಮ್ಮಾವ್ರೇ. ನಿಮ್ಮಾಣೆಗೂ ಹಾರಿಹೋಯ್ತು."

ಎರಡು ತಿಂಗಳಿಂದ ಆ ಚಿತ್ರವನ್ನು ಕರ್ನಲ್‌ಗಳು ನೋಡಿದ್ದರು, ಪತ್ರಿಕೆಯವರು ನೋಡಿದ್ದರು. ಗುಂಡಿಯನ್ನು ಯಾರೂ ನೋಡಿರಲಿಲ್ಲ. ಅವಳೂ ನೋಡಿರಲಿಲ್ಲ.

ಜಿಮಿನಾ ಎಂಬ ಹೆಸರಲ್ಲಿ ಅಡಗಿದ್ದ ಅಗ್ನಿಯಾ ಆಗ ಫೋಟೋ ಬೇಡವೇ ಬೇಡ ಎಂದು ಕಾಲು ಹಿಡಿದಿದ್ದಳು. ನಾಟಕ ಮಂಡಳಿಯ ಯಜಮಾನ ಬಿಡಲಿಲ್ಲ. ಕಿಟಕಿಯಲ್ಲಿ ಮುಖವಿಲ್ಲದ ನಟಿ ಇದ್ದರೂ ಒಂದೇ ಇಲ್ಲದಿದ್ದರೂ ಒಂದೇ ಎಂದ. ಕಲೆಯೊಂದನ್ನು ಪೆನ್ಸಿಲಿನಿಂದ ಅಳಿಸಿಬಿಡಿ ಎಂದು ಅಗ್ನಿಯಾ ಬೇಡಿಕೊಂಡಾಗ ಗ್ಲಾಫಿರಾ ಬೋರ್ಡು ತೋರಿಸಿದಳು. ಆಮೇಲೆ ಮನಸ್ಸು ಕರಗಿ, ತನ್ನದೇ ಒಂದು ಜಾಣತನ ಮಾಡಿದಳು. ಗಾಜಿನ ಪ್ಲೇಟನ್ನು ತಿರುವಿಹಾಕಿ ಅಚ್ಚು ತೆಗೆದಳು. ಬಲಗೆನ್ನೆಯ ಕಲೆ ಎಡಗೆನ್ನೆಗೆ ಹೋಯಿತು. 'ಹೆತ್ತ ತಾಯಿಯೂ ಒಂದು ಗಳಿಗೆ ಅನುಮಾನ ಪಡ್ತಾಳೆ, ನೋಡು' ಎಂದಿದ್ದಳು. ಹೆತ್ತ ತಾಯಿ ದರ್ಜಿಯಾಗಿದ್ದರೆ ಎಂದು ಯೋಚಿಸಿರಲಿಲ್ಲ.

"ಅವಳು ಎಡಚಿ" ಎಂದಳು ಗ್ಲಾಫಿರಾ. "ಎಡಗೈಯಲ್ಲಿ ಕತ್ತಿ ಎಳೀಬೇಕು, ಅದಕ್ಕೆ ಒರೆ ಬಲಕ್ಕೆ. ಕೋಟೂ ಅವಳಿಗೆ ಅಂತಲೇ ಹೊಲಿಸಿದ್ದು. ಹೆಂಗಸಿನ ಕೋಟಿಗೆ ಗುಂಡಿ ಹೆಂಗಸಿನ ಕಡೆ."

"ಓಹೋ." ಅವನು ತಲೆಯಾಡಿಸಿದ. "ಇದನ್ನ ಯಾವುದೋ ಗಾಜಿಂದ ತೆಗೀತಾರಂತಲ್ಲ. ಆ ಗಾಜು ತೋರಿಸ್ತೀರಾ? ಅಲ್ಲಿ ಒಳಗಿದೆಯಾ?"

ಹೇಳುತ್ತ ಹೇಳುತ್ತಲೇ ಅವನು ಎದ್ದು ಕತ್ತಲಕೋಣೆಯ ಬಾಗಿಲ ಹಿಡಿಯ ಮೇಲೆ ಕೈಯಿಟ್ಟ.

"ಮುಟ್ಟಬೇಡಿ!" ಗ್ಲಾಫಿರಾ ಚೀರಿದಳು. ಚೀರಿದ್ದನ್ನು ಸಿಟ್ಟಾಗಿ ತಿರುಗಿಸಿಕೊಂಡಳು. "ಬೆಳಕು ಬಿದ್ರೆ ವಾರದ ಕೆಲಸ ಮಣ್ಣುಪಾಲು. ನಿಮ್ಮ ಅಂಗಡೀಲಿ ಕತ್ತರಿಸಿಟ್ಟ ಬಟ್ಟೆ ಮೇಲೆ ನಾನು ಚಹಾ ಚೆಲ್ಲಿದ್ರೆ ಸುಮ್ಮನಿರ್ತೀರಾ?"

"ಚೆಲ್ಲಬಾರದು" ಎಂದು ಒಪ್ಪಿಕೊಂಡು ಅವನು ಕೈ ತೆಗೆದ.

ಅವಳು ಬಾಗಿಲನ್ನು ಮೈಯಷ್ಟೇ ತೆರೆದು ಒಳಗೆ ನುಸುಳಿ ಮುಚ್ಚಿಕೊಂಡಳು. ಕೆಂಪು ದೀಪ. ನೀರಿನ ತೊಟ್ಟಿಯ ಕೆಳಗೆ ಅಗ್ನಿಯಾ ಮುದುಡಿ ಕೂತಿದ್ದಳು, ಶಾಲಿಲ್ಲದ ಕೊರಳಿಗೆ ಒದ್ದೆ ಕೈಯನ್ನೇ ಸುತ್ತಿಕೊಂಡು. ಕಣ್ಣು ಮಾತ್ರ ದೊಡ್ಡವು. ಗ್ಲಾಫಿರಾ ಗೋಡೆಯ ಗೂಡಿನಲ್ಲಿ ತಡಕಾಡಿದಳು; ಕೈಗೆ ಸರಿಯಾದ ಪ್ಲೇಟು ಸಿಗಲಿಲ್ಲ. ಆಗ ಅಗ್ನಿಯಾಳೇ ಬಲಗೈ ಮೇಲೆ ಮಾಡಿ, ತನ್ನ ಪ್ಲೇಟನ್ನು ತಾನೇ ಹುಡುಕಿ ಕೊಟ್ಟಳು. ಗಾಜು ಗೂಡಿನ ಮರಕ್ಕೆ ತಾಗಿ ಟಿಕ್ ಎಂದಿತು. ಇಬ್ಬರೂ ಉಸಿರು ಹಿಡಿದರು.

"ಒಳಗೆ ಯಾರಾದ್ರೂ ಇದಾರಾ ಅಮ್ಮಾವ್ರೇ?" ಬಾಗಿಲಿಗೆ ಕಿವಿಯಿಟ್ಟಷ್ಟು ಹತ್ತಿರದಿಂದ ಅವನ ದನಿ.

"ಇಲಿ" ಎಂದು ಹೊರಗೆ ಬಂದಳು ಗ್ಲಾಫಿರಾ.

ಅವನು ಪ್ಲೇಟನ್ನು ಅಂಚಿನಲ್ಲಿ ಹಿಡಿದು ಮಾಡಿನ ಬೆಳಕಿಗೆ ಎತ್ತಿದ. ಕರಿಮುಖದ ಹೆಂಗಸು, ಅದರಲ್ಲಿ ಬಿಳಿ ಕಲೆ. ಅವನು ತುಂಬ ಹೊತ್ತು ನೋಡಿದ. ಆಮೇಲೆ ಮಗ್ಗುಲು ಮಗುಚಿದ. ಕತ್ತಿ ಈ ಕೈಯಿಂದ ಆ ಕೈಗೆ ಹಾರಿತು. ಮತ್ತೆ ಮಗುಚಿದ. ಮತ್ತೆ ಹಾರಿತು.

"ಬಟ್ಟೆಗೆ ಒಳಮೈ ಹೊರಮೈ ಅಂತ ಇರತ್ತೆ. ಇದಕ್ಕೂ ಇರಬೇಕಲ್ಲ?"

"ಇದೆ."

"ಯಾವ ಕಡೆಯಿಂದ ನೋಡೋದು?"

ಗಾಜಿನ ಒಂದು ಮೈ ನುಣುಪು. ಇನ್ನೊಂದು ಮೈಗೆ ಲೇಪ, ಸ್ವಲ್ಪ ಮಂಕು. ನುಣುಪಿನ ಕಡೆಯಿಂದ ನೋಡಿದರೆ ನಿಜ. ಲೇಪದ ಕಡೆಯಿಂದ ನೋಡಿದರೆ ಕನ್ನಡಿಯ ಸುಳ್ಳು. ಗ್ಲಾಫಿರಾ ಅವನ ಕಣ್ಣಲ್ಲಿ ಕಣ್ಣಿಟ್ಟು ಹೇಳಿದಳು: "ಮಂಕಿನ ಕಡೆಯಿಂದ."

ಅವನು ಹೆಬ್ಬೆರಳ ಉಗುರಿನಿಂದ ಆ ಮಂಕನ್ನು ಒಮ್ಮೆ ಸವರಿ ನೋಡಿದ. ನಟಿಯ ಕೆನ್ನೆಯ ಮೇಲೇ ಸವರಿದ. ಅಲ್ಲೊಂದು ಕೂದಲೆಳೆಯ ಗೀರು ಬಿತ್ತು.

"ಅಯ್ಯೋ, ಕ್ಷಮಿಸಿ" ಎಂದ. ಪ್ಲೇಟು ವಾಪಸು ಕೊಟ್ಟ. "ಪೊಲೀಸ್ ಕಚೇರೀಲಿ ಅರ್ಜಿ ಕೊಟ್ಟಾಗಿದೆ. ಗಂಡನ ಅನುಮತಿ ಇಲ್ಲದೆ, ಯಾರದೋ ಪಾಸ್‌ಪೋರ್ಟ್ ಇಟ್ಟುಕೊಂಡು ಓಡಾಡೋ ಹೆಂಗಸನ್ನ ಅವರೇ ಹಿಡಿದು ಊರಿಗೆ ಮುಟ್ಟಿಸ್ತಾರೆ. ಇವಳೇ ಅಂತ ನಾನು ಬೆರಳು ತೋರಿಸಬೇಕು, ಅಷ್ಟೇ ಬಾಕಿ. ತಪ್ಪು ಬೆರಳು ತೋರಿಸಿ ನಗೆಪಾಟಲಾಗಬಾರದು ನೋಡಿ. ಇವತ್ತು ಸಂಜೆ ಇದೇ ನಾಟಕ ಇದೆ. ಮುಂದಿನ ಸಾಲಲ್ಲಿ ಎರಡು ಕುರ್ಚಿ ತಗೊಂಡಿದೀನಿ. ನೀವು ಬರಬೇಕು. ನಾನು ಹಳ್ಳಿಗ, ಪಕ್ಕದಲ್ಲಿ ಕೂತು ಹೇಳೋರು ಬೇಕು."

"ನನಗೆ ಕೆಲಸ ಇದೆ."

"ಸಂಜೆ ಬೆಳಕೆಲ್ಲಿ ಇರತ್ತೆ ಅಮ್ಮಾವ್ರೇ?" ಎಂದು ನಕ್ಕು, ಬಾಗಿ ನಮಸ್ಕರಿಸಿ, ಅವನು ಮೆಟ್ಟಿಲಿಳಿದ. ಐದು ಮಹಡಿಯ ಹೆಜ್ಜೆ ಸದ್ದು ಪೂರ್ತಿ ಮುಗಿಯುವವರೆಗೆ ಗ್ಲಾಫಿರಾ ಅಲ್ಲಾಡಲಿಲ್ಲ. ವಾಸನೆ ಮಾತ್ರ ಇಳಿದು ಹೋಗಲಿಲ್ಲ.

*

"ಹುಷಾರಿಲ್ಲ ಅಂತ ಹೇಳಿಸಿಬಿಡಿ" ಎಂದ ಸವ್ವಾ ಲುಕಿಚ್. ನಾಟಕದಲ್ಲಿ ಅಗ್ನಿಯಾಳ ಜೊತೆ ಕತ್ತಿ ಕಾದುವ ಖಳ ಅವನು; ರಂಗದ ಹೊರಗೆ ಉಪ್ಪುನೀರಲ್ಲಿಟ್ಟ ಸೌತೆಕಾಯಿ ಮತ್ತು ಹಳೇ ಜೋಕುಗಳ ಮುದುಕ. ನಾಟಕಶಾಲೆಯ ಬಣ್ಣದ ಕೋಣೆಯಲ್ಲಿ ಮೂವರೇ ಇದ್ದರು. "ಗಂಟಲು ಕೆಟ್ಟಿದೆ ಅನ್ನೋಣ. ನಟಿಯರಿಗೆ ಗಂಟಲು ಕೆಡೋದು ಇದೇ ಮೊದಲಾ?"

"ಅವನು ಬಂದ ದಿನವೇ ಗಂಟಲು ಕೆಟ್ರೆ, ಬೆರಳು ತೋರಿಸಿದ ಹಾಗೇ ಆಯ್ತು" ಎಂದಳು ಗ್ಲಾಫಿರಾ. "ಓಡಿಹೋದ್ರೂ ಅಷ್ಟೇ. ಅವಳು ರಂಗಕ್ಕೆ ಬರಬೇಕು. ಚಿತ್ರದಲ್ಲಿ ಹೇಗಿದಾಳೋ ಹಾಗೇ ಬರಬೇಕು. ಕತ್ತಿ ಎಡಗೈಯಲ್ಲಿ. ಕಲೆ ಎಡಗೆನ್ನೇಲಿ. ಗುಂಡಿ ಆ ಕಡೆ."

ಸವ್ವಾ ಬಾಯಲ್ಲಿದ್ದ ಸೌತೆಕಾಯಿ ಅಗಿಯುವುದನ್ನು ನಿಲ್ಲಿಸಿದ. "ಅಂದ್ರೆ ಇಡೀ ನಾಟಕ ಕನ್ನಡಿ ಒಳಗಿಂದ ಆಡಬೇಕು. ನಾನು ನಲವತ್ತು ವರ್ಷದಿಂದ ಬಲಗೈಯವರ ಹತ್ರ ಸಾಯ್ತಾ ಬಂದಿದೀನಿ ತಾಯಿ. ಎಡಗೈಯವಳು ತಿವಿದ್ರೆ ಯಾವ ಕಡೆ ಬೀಳಲಿ?"

"ಎಲ್ಲಿ ಬೇಕಾದ್ರೂ ಬೀಳಿ!"

"ಸರಿ ಸರಿ. ಬೈಬೇಡಿ. ಬೀಳೋದ್ರಲ್ಲಿ ನನಗೆ ಹೆಸರಿದೆ."

ಅಗ್ನಿಯಾ ಕನ್ನಡಿಯ ಮುಂದೆ ಕೂತಿದ್ದಳು. ತೊಡೆಯ ಮೇಲಿದ್ದ ಪಾತ್ರದ ಹಾಳೆಗಳು ಜಾರಿ ನೆಲಕ್ಕೆ ಬಿದ್ದವು. ಸವ್ವಾ ಹೌಹಾರಿ ಎದ್ದ. ರಂಗದವರ ನಂಬಿಕೆಯಲ್ಲಿ, ಪಾತ್ರದ ಹಾಳೆ ನೆಲಕ್ಕೆ ಬಿದ್ದರೆ ನಟಿ ತಕ್ಷಣ ಅದರ ಮೇಲೆ ಕೂರಬೇಕು. ಕೂರದೆ ಎತ್ತಿಕೊಂಡರೆ ಅವತ್ತಿನ ಆಟ ಮುಳುಗಿದಂತೆ. "ಕೂತ್ಕೋ ಮಗಳೇ, ಕೂತ್ಕೋ, ಕೈ ಹಾಕಬೇಡ!" ಅಗ್ನಿಯಾ ಕುರ್ಚಿಯಿಂದ ಇಳಿದು, ಧೂಳು ನೆಲದಲ್ಲಿ ಹಾಳೆಗಳ ಮೇಲೆ ಕೂತಳು. ಅಲ್ಲಿಂದಲೇ ತಲೆಯೆತ್ತಿ ಕೇಳಿದಳು:

"ಕೊನೇ ಅಂಕದಲ್ಲಿ ಕತ್ತಿ ಮೇಲಕ್ಕೆತ್ತಿ ಪ್ರತಿಜ್ಞೆ ಮಾಡಬೇಕಲ್ಲ. ಅದೂ ಎಡಗೈಯಲ್ಲೇನಾ?"

"ಅದೂ ಎಡಗೈಯಲ್ಲೇ. ಯಾಕೆ?"

"ಏನಿಲ್ಲ" ಎಂದಳು ಅಗ್ನಿಯಾ.

ಉಡುಪಿನ ಕೋಣೆಯ ಮುದುಕಿ ಕೋಟು ಕೈಗೆತ್ತಿಕೊಂಡು ಗೊಣಗಿದಳು. ಕಾಜಾ ಬದಲಾಯಿಸುವಷ್ಟು ಹೊತ್ತಿರಲಿಲ್ಲ. ಒಳಗೆ ಕೊಕ್ಕೆ ಹಾಕಿ, ಗುಂಡಿಗಳನ್ನು ಮೇಲೆ ಸುಮ್ಮನೆ ಕೂರಿಸಿ ಹೊಲಿದಳು. ಗ್ಲಾಫಿರಾ ತಾನೇ ಕುಂಚ ಹಿಡಿದು ಅಗ್ನಿಯಾಳ ಬಲಗೆನ್ನೆಯ ಕಲೆಯನ್ನು ದಪ್ಪ ಬಣ್ಣದಲ್ಲಿ ಹೂತಳು. ಆಮೇಲೆ ಎಡಗೆನ್ನೆಯ ಮೇಲೆ, ಚಿತ್ರವನ್ನು ಪಕ್ಕದಲ್ಲಿಟ್ಟುಕೊಂಡು, ದೋಣಿಯ ಮೂತಿ ಬರೆದಳು. ಅರೆಬರೆ ಮುಚ್ಚಿದ ಕಲೆಯ ಹಾಗೆ ಕಾಣಲೆಂದು ಅದರ ಮೇಲೆ ಪೌಡರು ಉದುರಿಸಿದಳು. ಯಾವ ಮುಖಕ್ಕೂ ಪೆನ್ಸಿಲ್ ಮುಟ್ಟಿಸದವಳ ಕೈ ಅದು. ಬೆರಳ ಕೆಳಗೆ ಅಗ್ನಿಯಾಳ ದವಡೆ ಹಕ್ಕಿಯ ಎದೆಯ ಹಾಗೆ ಹೊಡೆದುಕೊಳ್ಳುತ್ತಿತ್ತು.

*

ಪರದೆ ಏಳುವಾಗ ಗ್ಲಾಫಿರಾಳ ಪಕ್ಕದ ಕುರ್ಚಿಯಲ್ಲಿ ಗೊರ್ದೇಯ್ ತೊಡೆಯ ಮೇಲೆ ಚಿತ್ರ ಇಟ್ಟುಕೊಂಡಿದ್ದ. ಬಾಡಿಗೆಯ ದುರ್ಬೀನು ಕಣ್ಣಿಗೆ ಹಿಡಿದಿದ್ದ. ಅಗ್ನಿಯಾ ಬಂದಳು. ಹಿಂದಿನ ಸಾಲುಗಳಿಂದ ಚಪ್ಪಾಳೆ.

ಗ್ಲಾಫಿರಾ ರಂಗವನ್ನು ನೋಡಲಿಲ್ಲ. ಅವನ ಹೆಬ್ಬೆರಳನ್ನು ನೋಡುತ್ತಿದ್ದಳು. ಅದು ಚಿತ್ರದ ಮೇಲೆ ಒಂದೊಂದೇ ಗುರುತಿಗೆ ಸರಿಯುತ್ತಿತ್ತು: ಕೆನ್ನೆ. ಒರೆ. ಗುಂಡಿ.

"ಕಾಜಾ ಇಲ್ಲ" ಎಂದು ಅವನು ಪಿಸುಗುಟ್ಟಿದ.

"ಏನು?"

"ಗುಂಡಿ ಮೇಲೆ ಕೂತಿದೆ. ಕಾಜಾದ ಒಳಗಿಂದ ಬಂದಿಲ್ಲ. ಇವತ್ತೇ ಹೊಲಿದ ಹಾಗಿದೆ."

"ನಾಟಕದ ಬಟ್ಟೆ. ಒಳಗೆ ಕೊಕ್ಕೆ ಇರತ್ತೆ. ಅಂಕದ ನಡುವೆ ಬೇಗ ಬಿಚ್ಚಬೇಕು, ಬೇಗ ತೊಡಬೇಕು."

"ಹೌದಲ್ಲ" ಎಂದ ಅವನು. "ಎಲ್ಲಾ ನಾಟಕ."

ಮೊದಲ ಅಂಕ ಹೇಗೋ ಮುಗಿಯಿತು. ಎರಡನೆಯದರಲ್ಲಿ ಅಗ್ನಿಯಾ ಕುದುರೆಯ ಲಗಾಮಿಗೆ ಬಲಗೈ ಚಾಚಿ, ಅರ್ಧಕ್ಕೇ ತಡೆದು, ಎಡಗೈ ಚಾಚಿದಳು. ದುರ್ಬೀನು ಒಂದು ಕ್ಷಣ ಅಲುಗಾಡಲಿಲ್ಲ. ಯುದ್ಧಕ್ಕೆ ಹೊರಡುವ ಮುಂಚೆ ಅವಳು ಮಂಡಿಯೂರಿ ಶಿಲುಬೆಯ ಗುರುತು ಮಾಡಿಕೊಂಡದ್ದು ಬಲಗೈಯಲ್ಲಿ. ಗೊರ್ದೇಯ್ ತಟ್ಟನೆ ಮುಂದೆ ಬಾಗಿದ.

"ದೇವರ ಮುಂದೆ ಎಲ್ಲರೂ ಬಲಗೈಯವರೇ" ಎಂದಳು ಗ್ಲಾಫಿರಾ.

"ಅದು ನಿಜ" ಎಂದು ಅವನೂ ಮೆಲ್ಲಗೆ ಶಿಲುಬೆಯ ಗುರುತು ಮಾಡಿಕೊಂಡ.

ವಿರಾಮದಲ್ಲಿ ಅವನು ಅವಳಿಗೆ ಚಹಾ ತಂದುಕೊಟ್ಟ. ಸಕ್ಕರೆ ತುಂಡು ತಾನೇ ಮುರಿದು ಕೊಟ್ಟ. ನಿಮ್ಮ ಕೈಯೆಲ್ಲ ತಣ್ಣಗಿದೆ, ಗಾಜಿನ ಮನೆಯಲ್ಲಿ ಇದ್ದೂ ಇದ್ದೂ ಹಾಗಾಗತ್ತೆ, ಉಣ್ಣೆ ಕೈಗವಸು ಹಾಕ್ಕೊಳ್ಳಿ ಎಂದ. ಸುತ್ತಲಿನವರಿಗೆ ಅವರಿಬ್ಬರೂ ಅಣ್ಣತಂಗಿಯರಂತೆ ಕಂಡಿರಬೇಕು. ಗ್ಲಾಫಿರಾ ಚಹಾ ಕುಡಿದಳು. ಒಂದು ಗುಟುಕೂ ಬಿಸಿಯಾಗಿರಲಿಲ್ಲ, ಅಥವಾ ಅವಳಿಗೆ ಹಾಗನ್ನಿಸಿತು.

ಕತ್ತಿಕಾಳಗ ಶುರುವಾದಾಗ ನಾಟಕಶಾಲೆ ಗಪ್ಪಾಯಿತು. ಉಕ್ಕಿಗೆ ಉಕ್ಕು ತಾಗಿತು. ಎಡಗೈಯ ಆ ವಿಚಿತ್ರ ಕೋನಕ್ಕೆ ಸವ್ವಾ ಲುಕಿಚ್ ನಿಜವಾಗಿಯೂ ಬೆದರಿದ್ದ; ಜನಕ್ಕೆ ಅದು ಅದ್ಭುತ ಅಭಿನಯವಾಗಿ ಕಂಡಿತು. ಹಿಂದಿನಿಂದ ಯಾರೋ "ಶಹಬ್ಬಾಸ್ ಜಿಮಿನಾ!" ಎಂದು ಕೂಗಿದರು. ಅಗ್ನಿಯಾ ಕೆಳಗಿನಿಂದಲೇ ಹೊಡೆಯುತ್ತಿದ್ದಳು, ಸೊಂಟದ ಮಟ್ಟದಲ್ಲಿ, ಎದೆಯ ಮಟ್ಟದಲ್ಲಿ.

"ನೋಡ್ತಾ ಇದೀರಾ?" ಗೊರ್ದೇಯ್ ಅವಳ ಕಿವಿಯ ಹತ್ತಿರ ಬಂದ. "ಕೈ ಭುಜದ ಮೇಲಕ್ಕೆ ಹೋಗ್ತಿಲ್ಲ."

"ಪಾತ್ರ ಹಾಗಿದೆ."

"ನಮ್ಮ ಅಗ್ನಿಯಾಗೂ ಹೋಗಲ್ಲ. ಎಡಗೈ. ಎದೆ ಮಟ್ಟಕ್ಕೆ ಬಂದು ನಿಂತುಬಿಡತ್ತೆ."

ಗ್ಲಾಫಿರಾಳ ಕೈಯಲ್ಲಿದ್ದ ಬೀಸಣಿಗೆಯ ಕಡ್ಡಿಯೊಂದು ಮುರಿಯಿತು. ಸದ್ದು ಅವನಿಗೂ ಕೇಳಿಸಿರಬೇಕು.

"ಯಾಕೆ?" ಎಂದಳು.

"ಬಿದ್ಲು. ಮೆಟ್ಟಿಲ ಮೇಲಿಂದ." ಅವನು ದುರ್ಬೀನಿನ ಗಾಜನ್ನು ತೋಳಿಗೆ ಒರೆಸಿದ. "ಮೂಳೆ ಸರಿಯಾಗಿ ಕೂಡಲಿಲ್ಲ. ವೈದ್ಯ ನನ್ನ ಮುಂದೇನೇ ಹೇಳಿದ: ಈ ಜನ್ಮದಲ್ಲಿ ಈ ಕೈ ತಲೆಗೂದಲು ಬಾಚಲ್ಲ ಅಂತ. ಕಲೆಯನ್ನ ಈ ಕಡೆಯಿಂದ ಆ ಕಡೆಗೆ ಬರೀಬಹುದು ಅಮ್ಮಾವ್ರೇ. ಗುಂಡಿ ಕಿತ್ತು ಹೊಲೀಬಹುದು. ಮೂಳೆ ಹೊಲಿಯೋಕಾಗತ್ತಾ?"

ಅವನಿಗೆ ಗೊತ್ತಿತ್ತು. ಅಥವಾ ಮುಕ್ಕಾಲು ಗೊತ್ತಿತ್ತು, ಉಳಿದ ಕಾಲಿಗೆ ಕಾಯುತ್ತಿದ್ದ. ತಾನು ಹಿಡಿಸಿದ ಕತ್ತಿ ಅದು, ತಾನು ಹೇಳಿದ ಕೈ ಅದು ಎಂದು ಗ್ಲಾಫಿರಾಗೆ ಈಗ ಅರಿವಾಯಿತು. 'ಅದೂ ಎಡಗೈಯಲ್ಲೇನಾ?' ಎಂದು ಅಗ್ನಿಯಾ ನೆಲದ ಮೇಲೆ ಕೂತು ಕೇಳಿದ್ದಳಲ್ಲ! ಗ್ಲಾಫಿರಾ ಎದ್ದು ಹೋಗಬೇಕೆಂದುಕೊಂಡಳು. ತೆರೆಯ ಹಿಂದೆ ಓಡಿ, ಬೇಡ, ಪ್ರತಿಜ್ಞೆ ಬಿಟ್ಟುಬಿಡು, ಪರದೆ ಇಳಿಸಿ ಎನ್ನಬೇಕು. ಎದ್ದರೂ ಉತ್ತರ ಕೊಟ್ಟಂತೆ. ಕೂತರೂ ಕೊಟ್ಟಂತೆ.

ಸವ್ವಾ ಬಿದ್ದ. ತಪ್ಪು ಕಡೆಗೇ ಬಿದ್ದ, ಆದರೆ ಚೆನ್ನಾಗಿ ಬಿದ್ದ. ವಾದ್ಯಗಳು ನಿಂತವು. ಅಗ್ನಿಯಾ ಒಬ್ಬಳೇ ದೀಪಸಾಲಿನ ಹತ್ತಿರ, ಅವರ ಕುರ್ಚಿಗಳ ಎದುರಿಗೇ ನಡೆದು ಬಂದಳು. ಕೆಳಗಿನಿಂದ ಬಂದ ಬೆಳಕು ಎಡಗೆನ್ನೆಯ ಸುಳ್ಳು ಕಲೆಯನ್ನು ಕಪ್ಪಾಗಿಸಿತ್ತು. ಅವಳು ನೇರ ಮುಂದಿನ ಸಾಲನ್ನು ನೋಡಿದಳು. ಮೂರು ವರ್ಷದಲ್ಲಿ ಮೊದಲ ಸಲ ಗಂಡನ ಮುಖ ನೋಡಿದಳು, ಯಾರನ್ನೋ ನೋಡಿದ ಹಾಗೆ.

"ಸತ್ತವರ ಹೆಸರಲ್ಲಿ" ಎಂದು ಮಾತು ಶುರುಮಾಡಿದಳು. ಎಡಗೈಯ ಕತ್ತಿ ಸೊಂಟದಿಂದ ಎದ್ದಿತು. ಎದೆಯವರೆಗೆ ಬಂದಿತು. ನಿಂತಿತು.

ಗೊರ್ದೇಯ್ ದುರ್ಬೀನನ್ನು ಕೆಳಗಿಟ್ಟ. ಅವನಿಗೆ ಇನ್ನು ಅದು ಬೇಕಿರಲಿಲ್ಲ.

"ಸತ್ತವರ ಹೆಸರಲ್ಲಿ" ಎಂದು ಅಗ್ನಿಯಾ ಮತ್ತೊಮ್ಮೆ ಹೇಳಿದಳು. ಪಾತ್ರದಲ್ಲಿ ಆ ಮಾತು ಒಂದೇ ಸಲ ಇತ್ತು. ಕತ್ತಿಯ ತುದಿ ನಡುಗಿತು. ಭುಜಕ್ಕೆ ಬಂತು. ಅವಳ ಮುಖದಲ್ಲಿ ಒಂದು ಗೆರೆಯೂ ಬದಲಾಗಲಿಲ್ಲ. ಬಣ್ಣದ ಕೆಳಗೆ ಮಾತ್ರ ಬೆವರು ಇಳಿದು ಹಣೆಯ ಪೌಡರಿನಲ್ಲಿ ದಾರಿ ಕೊರೆಯಿತು. ಆಮೇಲೆ ಗ್ಲಾಫಿರಾಗೆ ಒಂದು ಸದ್ದು ಕೇಳಿಸಿತು. ಅಷ್ಟು ದೂರದಿಂದ ಕೇಳಿಸುವ ಸದ್ದಲ್ಲ ಅದು, ಆದರೂ ಕೇಳಿಸಿತು, ಒಣಗಿದ ಕಡ್ಡಿಯೊಂದು ಒದ್ದೆ ಬಟ್ಟೆಯೊಳಗೆ ಮುರಿದ ಹಾಗೆ. ಕತ್ತಿ ತಲೆಯ ಮೇಲಕ್ಕೆ ಹೋಯಿತು. ಕೈ ನೆಟ್ಟಗೆ, ಪೂರ್ತಿ, ಮೇಲಕ್ಕೆ. ಅಲ್ಲೇ ನಿಂತಿತು. ಅವಳು ಪ್ರತಿಜ್ಞೆಯ ಅಷ್ಟೂ ಮಾತನ್ನು, ಒಂದಕ್ಷರ ನುಂಗದೆ, ಮೊದಲಿಂದ ಕೊನೆಯವರೆಗೆ ಹೇಳಿದಳು.

ಜನ ಎದ್ದು ನಿಂತರು. ಗೊರ್ದೇಯ್ ಕೂತೇ ಇದ್ದ. ಅವನ ಮುಖದಲ್ಲಿ ಸಿಟ್ಟಿರಲಿಲ್ಲ. ಅಳತೆ ತಪ್ಪಿದ ದರ್ಜಿಯ ಪೆಚ್ಚುತನ ಇತ್ತು.

"ಅಲ್ಲ" ಎಂದ. "ಇವಳಲ್ಲ. ಆ ಕೈ ಮೇಲಕ್ಕೆ ಹೋಗೋ ಹಾಗೇ ಇಲ್ಲ. ನನಗೆ ಗೊತ್ತಿಲ್ಲವಾ? ನಾನೇ..."

ಮಾತು ಅಲ್ಲಿಗೇ ನುಂಗಿಕೊಂಡ. ಚಿತ್ರವನ್ನು ಗ್ಲಾಫಿರಾಳ ತೊಡೆಯ ಮೇಲಿಟ್ಟು, ಚಪ್ಪಾಳೆ ತಟ್ಟುವವರ ಮಂಡಿಗಳ ನಡುವೆ ದಾರಿ ಮಾಡಿಕೊಂಡು ಹೊರಟ. ಸಾಲಿನ ಕೊನೆಯಲ್ಲಿ ತಿರುಗಿ ಒಮ್ಮೆ ರಂಗವನ್ನು ನೋಡಿದ. ಕತ್ತಿ ಇನ್ನೂ ಮೇಲೇ ಇತ್ತು. ಪರದೆ ಇಳಿಯುವವರೆಗೂ ಮೇಲೇ ಇತ್ತು.

*

ಬಣ್ಣದ ಕೋಣೆಯಲ್ಲಿ ಸವ್ವಾ ಲುಕಿಚ್ ಅವಳ ಕೋಟನ್ನು ಕತ್ತರಿಯಿಂದ ಸೀಳಿ ತೆಗೆಯುತ್ತಿದ್ದ. ತೋಳು ಆಗಲೇ ಊದಿ ಬಟ್ಟೆಯನ್ನು ಬಿಗಿಹಿಡಿದಿತ್ತು. ಗುಂಡಿಗಳು ಒಂದೊಂದಾಗಿ ನೆಲಕ್ಕೆ ಉರುಳಿದವು. ಮುದುಕ ಅಳುತ್ತ ಜೋಕು ಹೇಳಲು ನೋಡುತ್ತಿದ್ದ.

"ಮಗಳೇ, ನನ್ನ ಕೊಂದಿದ್ದು ಸಾಲದು ಅಂತ ನಿನ್ನನ್ನೂ ಕೊಂದ್ಕೊಂಡ್ಯಲ್ಲ."

"ಹೋದ್ನಾ?" ಅಗ್ನಿಯಾ ಕೇಳಿದಳು. ತುಟಿ ನೀಲಿಯಾಗಿತ್ತು.

"ಹೋದ" ಎಂದಳು ಗ್ಲಾಫಿರಾ. "ನೀನಲ್ಲ ಅಂದ. ತಾನೇ ಅಂದ. ನನಗ್ಯಾಕೆ ಹೇಳಲಿಲ್ಲ ನೀನು? ಕೈ ವಿಷಯ ಯಾಕೆ ಹೇಳಲಿಲ್ಲ?"

"ಹೇಳಿದ್ರೆ ಬೇಡ ಅಂತಿದ್ರಿ."

ಗ್ಲಾಫಿರಾ ನೆಲಕ್ಕುರುಳಿದ ಗುಂಡಿಯೊಂದನ್ನು ಎತ್ತಿಕೊಂಡಳು. "ನಾಳೆ ಬೆಳಿಗ್ಗೆ ಆ ಪ್ಲೇಟು ಒಡೆದು ಹಾಕ್ತೀನಿ. ಅಂಗಡಿ ಕಿಟಕಿಯಿಂದ ಒಂದೊಂದು ಚಿತ್ರಾನೂ ತೆಗೆಸ್ತೀನಿ."

"ಬೇಡ!" ನೋವಿಗೂ ಕೂಗದವಳು ಈಗ ಕೂಗಿದಳು. "ತೆಗೀಬೇಡಿ. ಅವನು ಊರು ಬಿಡೋ ಮುಂಚೆ ನೆವ್ಸ್ಕಿ ಮೇಲೆ ಹಾಯ್ದೇ ಹೋಗ್ತಾನೆ. ಚಿತ್ರ ಇಲ್ಲದಿದ್ರೆ ಯಾಕಿಲ್ಲ ಅಂತ ನಿಲ್ತಾನೆ. ನಿಮಗವನು ಗೊತ್ತಿಲ್ಲ. ಅಲ್ಲೇ ಇರಲಿ. ವರ್ಷಗಟ್ಟಲೆ ಇರಲಿ."

ವೈದ್ಯನನ್ನು ಕರೆತರಲು ಸವ್ವಾ ಓಡಿದ. ಗ್ಲಾಫಿರಾ ಹತ್ತಿಗೆ ಎಣ್ಣೆ ಸವರಿ ಅಗ್ನಿಯಾಳ ಮುಖ ಒರೆಸತೊಡಗಿದಳು. ಬಲಗೆನ್ನೆಯ ದಪ್ಪ ಬಣ್ಣ ಕರಗಿ, ಅದರಡಿಯಿಂದ ನಿಜವಾದ ಕಲೆ ಮೆಲ್ಲಗೆ ಮೇಲೆದ್ದಿತು, ನಸುಗೆಂಪಾಗಿ. ಕಾರಿಡಾರಿನಲ್ಲಿ ಯಾರದೋ ಭಾರದ ಹೆಜ್ಜೆ. ಇಬ್ಬರೂ ಕಲ್ಲಾದರು. ಹೆಜ್ಜೆ ಬಾಗಿಲ ಮುಂದೆ ನಿಧಾನವಾಯಿತು, ಮುಂದೆ ಹೋಯಿತು. ದೀಪ ಆರಿಸುವವನಿರಬೇಕು. ಗ್ಲಾಫಿರಾ ಮೂಗರಳಿಸಿ ಗಾಳಿ ಹೀರಿ ನೋಡಿದಳು. ಎಣ್ಣೆ, ಬೆವರು, ಆರಿದ ದೀಪ. ಬೇರೇನೂ ಇಲ್ಲ.

ಅವಳು ಹತ್ತಿಯನ್ನು ಎಡಗೆನ್ನೆಗೆ ಒಯ್ದಳು. ಅಗ್ನಿಯಾ ಸರಿಯಿದ್ದ ಕೈಯಿಂದ ಅವಳ ಮಣಿಕಟ್ಟು ಹಿಡಿದಳು.

"ಇದು ಹಾಗೇ ಇರಲಿ" ಎಂದಳು. "ಮನೆಗೆ ನಡ್ಕೊಂಡು ಹೋಗ್ಬೇಕಲ್ಲ. ಬಲಗಡೆಗೆ ಮತ್ತೆ ಬಣ್ಣ ಹಾಕಿ."

ಗ್ಲಾಫಿರಾ ಓಸಿಪೊವ್ನಾ ಕುಂಚ ಕೈಗೆತ್ತಿಕೊಂಡಳು.